ಟಾಕೀಸಿಗೆ ಹೋದವರು

ಏಪ್ರಿಲ್ ೩, ಬುಧವಾರ

ಬೆಳಿಗ್ಗೆ ಟೀ ಲೋಟ ಕೈಗೆತ್ತಿಕೊಳ್ಳುವಷ್ಟರಲ್ಲಿ ಮೇಟ್ರನ್ ಬಾಗಿಲು ಬಡಿದರು. ಕೆಳಗಿನ ಮನೆಯವರು. ದೊಡ್ಡಾಸ್ಪತ್ರೆಯಿಂದ ನಿವೃತ್ತರಾಗಿ ಎಷ್ಟು ಕಾಲವಾದರೂ ಬೀದಿಗೆಲ್ಲ ಅವರು ಮೇಟ್ರನ್ನೇ. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವುದನ್ನು ನಾನು ಬಿಟ್ಟು ವರ್ಷಗಳಾದರೂ ಇನ್ನೂ ‘ಚೆಕಿಂಗ್ ಸಾಹೇಬ್ರು’ ಆಗಿಯೇ ಉಳಿದಿರುವ ಹಾಗೆ.

“ದೊಡ್ಡ ಪಾತ್ರೆ ಇದ್ರೆ ಕೊಡಿ ಸಾಹೇಬ್ರೇ. ಮುಚ್ಚಳ ಇರೋದು.”

“ಯಾಕೆ?”

ಹಿಂದಿನ ಗಲ್ಲಿಯಲ್ಲಿ ವಾಂತಿಭೇದಿ ಶುರುವಾಗಿದೆಯಂತೆ. ನಲ್ಲಿ ನೀರು ಕೆಟ್ಟಿದೆ, ಕುಡಿಯಬೇಡಿ ಎಂದು ನಿನ್ನೆಯಿಂದ ವ್ಯಾನಿನಲ್ಲಿ ಕೂಗಿಕೊಂಡು ಹೋಗುತ್ತಿದ್ದಾರೆ. ಮತ್ತೇನು ಕುಡಿಯಬೇಕು ಎಂದು ಮಾತ್ರ ಹೇಳುತ್ತಿಲ್ಲ. ಬೇಕರಿಯವನು ತನ್ನ ದೊಡ್ಡ ಒಲೆ ಬಿಟ್ಟುಕೊಡುತ್ತಾನಂತೆ. ಕೆಲಸ ಮುಗಿಸಿ ಮನೆಯಲ್ಲಿ ಕೂತಿರುವ ನಾವೆಲ್ಲ ಸೇರಿ ನೀರು ಕುದಿಸಿ ಹಂಚಬೇಕಂತೆ.

“ಯೋಚಿಸಿ ಹೇಳ್ತೀನಿ” ಎಂದೆ.

ಒಳಗಿನಿಂದ ಅಕ್ಕ ಕೂಗಿದಳು: “ಅಡುಗೆಮನೆ ಅಟ್ಟದ ಮೇಲೆ ಎರಡಿದೆ ನೋಡಮ್ಮ, ತಗೊಂಡು ಹೋಗು. ಇವನು ಯೋಚಿಸಿ ಮುಗಿಸೋ ಹೊತ್ತಿಗೆ ಕಾಯಿಲೆಗೇ ಬೇಜಾರಾಗಿ ಊರು ಬಿಟ್ಟು ಹೋಗುತ್ತೆ.”

ಅಕ್ಕನಿಗೆ ಮಂಡಿ ನೋವು. ಕಿಟಕಿ ಬಿಟ್ಟು ಏಳುವುದು ಅಪರೂಪ, ಆದರೆ ಬಾಯಿ ಮನೆಯೆಲ್ಲ ಓಡಾಡುತ್ತದೆ. ಅಟ್ಟ ಹತ್ತಿ ಪಾತ್ರೆ ಇಳಿಸಿದ್ದು ನಾನೇ. ತಳದಲ್ಲಿ ಕೆಂಪು ಬಣ್ಣದ ಗುರುತು ಹಾಕಿಕೊಟ್ಟೆ.

ಒಂದು ಮಾತು ಬರೆದಿಡುತ್ತೇನೆ. ಯಾರೂ ಯಾರಿಗೂ ಸುಮ್ಮಸುಮ್ಮನೆ ನೀರು ಕುದಿಸಿ ಕೊಡುವುದಿಲ್ಲ.

ಏಪ್ರಿಲ್ ೫, ಶುಕ್ರವಾರ

ಎರಡು ದಿನ ಕಿಟಕಿಯಿಂದ ನೋಡಿದೆ. ಬೇಕರಿಯ ಮುಂದೆ ಕ್ಯಾನು, ಬಕೆಟ್ಟು ಹಿಡಿದವರ ಸಾಲು. ಬೇಕರಿಯವನು ಬೆವರು ಸುರಿಸಿಕೊಂಡು ಒಲೆ ಉರಿಸುತ್ತಾನೆ. ಬ್ರೆಡ್ಡು ಕೊಳ್ಳುವವರಿಲ್ಲದೆ ಅಂಗಡಿ ಮುಚ್ಚಿ ಕೂತಿದ್ದವನಿಗೆ ಇದ್ದಕ್ಕಿದ್ದಂತೆ ಇಷ್ಟು ಉದಾರತೆ ಎಲ್ಲಿಂದ ಬಂತು? ನಾಳೆ ಅಂಗಡಿ ತೆರೆದಾಗ ಇಡೀ ಬೀದಿ ಅವನ ಗಿರಾಕಿ.

ಸಾಲು ನಿಲ್ಲಿಸುವವರು ಎದುರು ಮನೆಯ ಡ್ರಿಲ್ ಮೇಷ್ಟ್ರು. ಶಾಲೆ ಬಿಟ್ಟರೂ ಕೊರಳಿನ ಸೀಟಿ ಬಿಟ್ಟಿಲ್ಲ. “ಒಬ್ಬರ ಹಿಂದೆ ಒಬ್ರು! ಒಂದ್ ಕೈ ದೂರ ನಿಲ್ಲಿ!” ಎಂದು ಪೀ ಪೀ ಊದುತ್ತಾರೆ. ಮುಂದಿನ ವರ್ಷ ವಾರ್ಡ್ ಚುನಾವಣೆ ಇದೆ ಎಂಬುದನ್ನು ನಾನು ಮರೆತಿಲ್ಲ.

ಅಕ್ಕನಿಗೆ ಇದನ್ನೆಲ್ಲ ವಿವರಿಸಿದೆ. “ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ” ಎಂದಳು.

ಹೊರಗೆ ನಿಂತು ನೋಡಿದರೆ ಏನೂ ತಿಳಿಯದು. ಬಸ್ಸನ್ನು ರಸ್ತೆಯಲ್ಲಿ ನಿಂತು ತಪಾಸಣೆ ಮಾಡಲಾಗುತ್ತದೆಯೇ? ಹತ್ತಲೇಬೇಕು. ನಾಳೆಯಿಂದ ಹೋಗುತ್ತೇನೆ.

ಏಪ್ರಿಲ್ ೬, ಶನಿವಾರ

ಹೋದೆ. ಯಾರೂ ಆಶ್ಚರ್ಯಪಡಲಿಲ್ಲ. ನನಗೆ ಅನುಮಾನ ಬಂದದ್ದೇ ಅದಕ್ಕೆ.

ಮೇಟ್ರನ್ ನನಗೆ ಕೆಲಸ ತೆಗೆದಿಟ್ಟುಕೊಂಡೇ ಕಾಯುತ್ತಿದ್ದ ಹಾಗಿತ್ತು. ಹಿಂದಿನ ಗಲ್ಲಿಯಲ್ಲಿ ಮನೆಮನೆಗೆ ಹೋಗಿ ಯಾರಿಗೆ ಹುಷಾರಿಲ್ಲ ಎಂದು ಕೇಳಬೇಕು. “ನನ್ನ ಹತ್ರ ಒಬ್ರೂ ನಿಜ ಹೇಳಲ್ಲ ಸಾಹೇಬ್ರೇ. ನಾವೆಲ್ಲ ಚೆನ್ನಾಗಿದೀವಿ ಅಂತಾರೆ, ಬಾಗಿಲು ಹಾಕ್ಕೋತಾರೆ. ನೀವು ಬಂದ್ರೆ ಅರ್ಧ ಜನ ಹೆದರಿಕೊಂಡೇ ಹೇಳ್ತಾರೆ.”

ಇದು ಹೊಗಳಿಕೆಯೋ ತೆಗಳಿಕೆಯೋ ತಿಳಿಯಲಿಲ್ಲ.

ಜನ ಮುಚ್ಚಿಡುವುದಕ್ಕೆ ಕಾರಣ ಟಾಕೀಸು. ದೊಡ್ಡಾಸ್ಪತ್ರೆ ತುಂಬಿ ಹೋಗಿ, ಮುಚ್ಚಿದ್ದ ಹಳೆಯ ಸಿನಿಮಾ ಟಾಕೀಸನ್ನು ವಾಂತಿಭೇದಿಯವರ ವಾರ್ಡು ಮಾಡಿದ್ದಾರೆ. ಒಳಗೆ ಮನೆಯವರನ್ನು ಬಿಡುವುದಿಲ್ಲ. ಗಲ್ಲಿಯ ಟೈಲರಮ್ಮ ಹೋದವಳು ಬರಲಿಲ್ಲ. ಅಂದಿನಿಂದ ‘ಆ ಟಾಕೀಸಲ್ಲಿ ಇಂಟರ್ವಲ್ ಇಲ್ಲ, ಸೀದಾ ಶುಭಂ’ ಎಂದು ಜನ ಆಡಿಕೊಳ್ಳುತ್ತಿದ್ದಾರೆ. ನನಗೂ ಆ ಜಾಗದ ಮೇಲೆ ನಂಬಿಕೆಯಿಲ್ಲ. ಆದರೆ ಯಾರೂ ನನ್ನನ್ನು ಕೇಳಿಲ್ಲ.

ಏಪ್ರಿಲ್ ೯, ಮಂಗಳವಾರ

ಇವತ್ತು ಒಂದು ಹಿಡಿದೆ.

ಟಿಕೆಟ್ ಇಲ್ಲದವನನ್ನು ಗುರುತಿಸುವುದು ಕಷ್ಟವಲ್ಲ. ಒಂದೋ ನಮ್ಮನ್ನು ಕಂಡ ಕೂಡಲೇ ಅವನಿಗೆ ಗಾಢ ನಿದ್ದೆ ಬರುತ್ತದೆ, ಇಲ್ಲವೇ ಕಿಟಕಿಯಾಚೆಯ ಬೋಳು ಗುಡ್ಡ ಬಹಳ ಸುಂದರವಾಗಿ ಕಾಣತೊಡಗುತ್ತದೆ. ಗಲ್ಲಿಯ ಕೊನೆಯ ಮನೆಯ ಪೇಂಟರ್ ಬಾಗಿಲಿಗೆ ಅಡ್ಡ ನಿಂತು, ಆಕಾಶ ನೋಡುತ್ತ, “ಈ ವರ್ಷ ಸೆಕೆ ಜಾಸ್ತಿ ಅಲ್ವಾ ಸಾರ್?” ಎಂದ.

“ಹೌದು. ಅದಕ್ಕೇ ಇರ್ಬೇಕು, ಮನೇಲಿರೋ ಹಾಸಿಗೆ ಹೊದಿಕೆ ಎಲ್ಲಾ ಒಂದೇ ದಿನ ಒಗೆದು ಹಾಕಿದೀರಿ.”

ಅವನ ಮುಖ ಸಪ್ಪಗಾಯಿತು. ಒಳಗೆ ಅವನ ತಾಯಿ ನೆಲದ ಮೇಲೆ ಮಲಗಿದ್ದರು, ಕಣ್ಣು ಗುಳಿ ಬಿದ್ದಿತ್ತು. ಮೇಟ್ರನ್ ಉಪ್ಪು ಸಕ್ಕರೆಯ ಪುಡಿಯ ಪೊಟ್ಟಣ ಒಡೆದು, ಕುದಿಸಿ ಆರಿಸಿದ ನೀರಿಗೆ ಹಾಕಿ, ಚಮಚದಲ್ಲಿ ಹನಿಹನಿಯಾಗಿ ಕುಡಿಸುತ್ತ ಕೂತರು. ನಾನು ಲೋಟ ಹಿಡಿದುಕೊಂಡಿದ್ದೆ. ಮಧ್ಯಾಹ್ನ ಕಳೆದ ಮೇಲೆ ಆಕೆ ಮಗನನ್ನು ಹೆಸರು ಹಿಡಿದು ಕರೆದರು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಕಷ್ಟವಿತ್ತು ಎಂದು ಮೇಟ್ರನ್ ಹೇಳಿದರು.

ಹಳೆಯ ಕಣ್ಣು ಮಂಕಾಗಿಲ್ಲ ಎಂದು ಸಮಾಧಾನವಾಯಿತು. ಬೇರೇನೂ ಇಲ್ಲ.

ಏಪ್ರಿಲ್ ೧೨, ಶುಕ್ರವಾರ

ಪೊಟ್ಟಣಗಳು ಕಡಿಮೆಯಾಗುತ್ತಿವೆ. ಬೇಕರಿಯ ಗಾಜಿನ ಬೀರುವಿನಲ್ಲಿ, ಮೊದಲು ಕೇಕು ಇಡುತ್ತಿದ್ದ ಕಡೆ, ಜೋಡಿಸಿಟ್ಟಿರುತ್ತೇವೆ. ಸಂಜೆ ಇದ್ದದ್ದು ಬೆಳಿಗ್ಗೆ ಇರುವುದಿಲ್ಲ. ಬೇಕರಿಯವನ ಮೇಲೆ ಕಣ್ಣಿಟ್ಟೆ. ಅವನಲ್ಲ.

ಡ್ರಿಲ್ ಮೇಷ್ಟ್ರು!

ಮೂರು ದಿನದಿಂದ ಸೀಟಿ ಕೇಳಿಸುತ್ತಿಲ್ಲ. ಸಾಲು ಅಂಕುಡೊಂಕಾದರೂ ಬಯ್ಯುವುದಿಲ್ಲ. ಎಲ್ಲರೂ ಹೋಗುವ ತನಕ ಕಾದು ಎರಡು ಕ್ಯಾನು ನೀರು ಒಯ್ಯುತ್ತಾರೆ. ಹೆಂಡತಿ ತಮ್ಮನ ಮನೆಗೆ ಹೋಗಿದ್ದಾರೆ ಎಂದು ಅವರೇ ಹೇಳಿದ್ದು. ಒಂಟಿ ಮನುಷ್ಯನಿಗೆ ಎರಡು ಕ್ಯಾನು ಯಾಕೆ? ಹೆಗಲಿಗೆ ಬಟ್ಟೆಯ ಚೀಲ ಬೇರೆ. ಪೊಟ್ಟಣಕ್ಕೆ ಈಗ ಹೊರಗೆ ಬೇಡಿಕೆ ಎಷ್ಟಿದೆಯೆಂದು ಎಲ್ಲರಿಗೂ ಗೊತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಬಹಳ ದಿನದ ಮೇಲೆ ಮೈಯಲ್ಲಿ ಹುರುಪು ಬಂದಿದೆ. ನಾಳೆ ನೋಡುತ್ತೇನೆ.

ಏಪ್ರಿಲ್ ೧೩, ಶನಿವಾರ

ಇವತ್ತು ಮೇಷ್ಟ್ರು ಸಾಲು ಕರಗುವ ಮೊದಲೇ ಹೊರಟರು. ಜನ ಇರುವಾಗಲೇ ತಡೆದೆ. ಸಾಕ್ಷಿಗಳಿರಬೇಕು.

“ಸ್ವಲ್ಪ ನಿಲ್ಲಿ ಮೇಷ್ಟ್ರೇ. ಆ ಚೀಲ ತೋರಿಸಿ.”

“ದಾರಿ ಬಿಡಿ ಸಾಹೇಬ್ರೇ.”

“ತೋರಿಸೋಕೇನು ಕಷ್ಟ?”

ಹಿಡಿದೆ. ಅವರೂ ಬಿಡಲಿಲ್ಲ. ಹಳೆಯ ಬಟ್ಟೆ, ಹರಿಯಿತು. ಪೊಟ್ಟಣಗಳು ರಸ್ತೆಯ ತುಂಬ ಬಿದ್ದವು. “ಅಯ್ಯೋ, ಮೇಷ್ಟ್ರೂ ಹೀಗಾ!” ಎಂದು ಯಾರೋ ಅಂದರು, ಯಾರೋ ನಕ್ಕರು. ಮೇಷ್ಟ್ರು ಬಗ್ಗಿ ಒಂದೊಂದೇ ಪೊಟ್ಟಣ ಆರಿಸಿ, ಅಂಗಿಯ ಮಡಿಲಲ್ಲಿ ಹಾಕಿಕೊಂಡು, ಕ್ಯಾನು ಎತ್ತಿಕೊಂಡು ಹೋದರು.

ಮೇಟ್ರನ್ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಕೇಳೋದಿದ್ರೆ ಮನೆಗೆ ಹೋಗಿ ಕೇಳ್ಬೇಕಿತ್ತು. ಇದೇನು ಬಸ್ಸಾ?” ಎಂದರು.

ಮಾಲು ಸಮೇತ ಹಿಡಿದಿದ್ದೇನೆ. ನನ್ನ ತಪ್ಪೇನು? ಅಕ್ಕ ಊಟಕ್ಕೆ ಕರೆದಳು, ಹಸಿವಿರಲಿಲ್ಲ. “ಅಷ್ಟು ದೊಡ್ಡ ಕಳ್ಳನ್ನ ಹಿಡಿದವನಿಗೆ ಹೊಟ್ಟೆ ತುಂಬಿರುತ್ತೆ ಬಿಡು” ಎಂದು ತಟ್ಟೆ ತೆಗೆದಳು.

ಏಪ್ರಿಲ್ ೧೪, ಭಾನುವಾರ

ಎಲ್ಲೋ ತಾಳೆಯಾಗುತ್ತಿಲ್ಲ. ಸಿಕ್ಕಿಬಿದ್ದವನು ಜಗಳಕ್ಕೆ ಬರುತ್ತಾನೆ, ಇಲ್ಲವೇ ಅಳುತ್ತಾನೆ, ಇಲ್ಲವೇ ‘ನಮ್ಮ ಭಾವ ಯಾರು ಗೊತ್ತಾ’ ಎನ್ನುತ್ತಾನೆ. ಮೇಷ್ಟ್ರು ಇದ್ಯಾವುದನ್ನೂ ಮಾಡಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಎಲ್ಲರ ಕಣ್ಣೆದುರು ಆ ಪೊಟ್ಟಣಗಳನ್ನು ಆರಿಸಿಕೊಂಡು ಹೋದರು. ಕಳ್ಳನಾದವನು ಮಾಲು ಬಿಟ್ಟು ಓಡುತ್ತಾನೆ. ಮಾನಕ್ಕಿಂತ ಪೊಟ್ಟಣ ಮುಖ್ಯವಾಗುವುದು ಯಾವಾಗ?

ತನಿಖೆ ಪೂರ್ತಿಯಾಗಲಿ ಎಂದು ಬೆಳಿಗ್ಗೆ ಅವರ ಮನೆಗೆ ಹೋದೆ. ಬಾಗಿಲನ್ನು ಒಂದು ಕೈಯಗಲ ತೆರೆದರು. ಗಡ್ಡ ಬೋಳಿಸಿರಲಿಲ್ಲ.

“ಇನ್ನೇನು ಬಾಕಿ ಇದೆ?”

ಅಷ್ಟರಲ್ಲಿ ಒಳಗೆ ಲೋಟ ಉರುಳಿದ ಸದ್ದಾಯಿತು.

“ನಿಮ್ಮ ಮನೆಯವರು ತಮ್ಮನ ಮನೆಗೆ ಹೋಗಿದಾರೆ ಅಂದ್ರಿ?”

ಮೇಷ್ಟ್ರು ಬಾಗಿಲಿಗೇ ಒರಗಿ ಕೂತುಬಿಟ್ಟರು. “ಆಣೆ ಹಾಕಿಸ್ಕೊಂಡಿದಾಳೆ ಕಣ್ರೀ. ಟಾಕೀಸಿಗೆ ಕಳಿಸಿದ್ರೆ ನಿಮ್ಮ ಮುಖ ನೋಡಲ್ಲ ಅಂತ. ಟೈಲರಮ್ಮ ಇವಳ ಗೆಳತಿ. ಏನ್ ಮಾಡ್ಲಿ? ಕುಡಿಸ್ತೀನಿ, ಎಲ್ಲಾ ವಾಪಸ್ ಬರುತ್ತೆ. ಮತ್ತೆ ಕುಡಿಸ್ತೀನಿ.”

ಓಡಿ ಹೋಗಿ ಮೇಟ್ರನ್ ಅವರನ್ನು ಕರೆತಂದೆ. ಓಡಿದ್ದು ಈಗ ಬರೆಯುವಾಗ ನೆನಪಾಗುತ್ತಿದೆ, ಮೊಣಕಾಲು ನೋಯುತ್ತಿದೆ. ಅವರು ಮೇಷ್ಟ್ರ ಹೆಂಡತಿಯ ಕೈ ಮೇಲಿನ ಚರ್ಮವನ್ನು ಚಿವುಟಿ ಬಿಟ್ಟರು. ಚಿವುಟಿದ್ದು ಹಾಗೇ ನಿಂತಿತು.

“ಬಾಯಿಂದ ಕುಡಿಸೋ ಕಾಲ ಮುಗೀತು. ಡ್ರಿಪ್ ಬೇಕು, ಈಗಲೇ.”

“ನಾ ಬರಲ್ಲ” ಎಂದರು ಆಕೆ. ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

“ನನ್ನ ಮಾತು ನಂಬಮ್ಮ.”

“ನೀವು ಆಸ್ಪತ್ರೆಯವರು. ಆಸ್ಪತ್ರೆ ಒಳ್ಳೇದು ಅಂತಲೇ ಹೇಳ್ತೀರಿ.” ಆಮೇಲೆ ಕಣ್ಣು ನನ್ನ ಕಡೆ ಹೊರಳಿತು. “ಅಣ್ಣಾ, ನೀವು ಹೇಳಿ. ಆ ಜಾಗ ಸರಿ ಇದ್ಯಾ?”

“ನನಗೆ ಗೊತ್ತಿಲ್ಲ ತಾಯಿ. ನನಗೂ ಅಲ್ಲಿನವರ ಮೇಲೆ ನಂಬಿಕೆ ಇಲ್ಲ.”

ಮೇಟ್ರನ್ ನನ್ನನ್ನು ನುಂಗುವ ಹಾಗೆ ನೋಡಿದರು. ಆದರೆ ಕೇಳಿದ ಪ್ರಶ್ನೆಗೆ ನಿಜ ಹೇಳಬೇಕಲ್ಲ.

“ಅದಕ್ಕೇ ನಾನೂ ಬರ್ತೀನಿ” ಎಂದೆ. “ಏನು ಚುಚ್ತಾರೆ, ಏನು ಕುಡಿಸ್ತಾರೆ, ಎಲ್ಲಾ ನೋಡ್ತೀನಿ. ನೀವು ಹೊರಗೆ ಬರೋವರೆಗೂ ದಿನಾ ಬರ್ತೀನಿ, ಬಿಡಲ್ಲ.”

ಆಕೆ ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡರು. “ಅಕ್ಕ ಕೊಟ್ಟ ಟೀನೂ ಮೂಸಿ ನೋಡಿ ಕುಡಿಯೋ ಮನುಷ್ಯ ಇವ್ರು” ಎಂದು ಗಂಡನಿಗೆ ಹೇಳಿದರು. “ಇವ್ರು ಬರೋದಾದ್ರೆ ಹೋಗ್ತೀನಿ.”

ಬೇಕರಿಯ ವ್ಯಾನಿನಲ್ಲಿ, ಬ್ರೆಡ್ಡಿನ ತಟ್ಟೆಗಳನ್ನು ಇಳಿಸಿ, ಹಾಸಿಗೆ ಹಾಸಿ ಕರೆದುಕೊಂಡು ಹೋದೆವು. ಈ ಟೀ ವಿಷಯ ಬೀದಿಗೆಲ್ಲ ಹೇಳಿದವಳು ಅಕ್ಕನೇ ಇರಬೇಕು.

ಏಪ್ರಿಲ್ ೧೫, ಸೋಮವಾರ

ನಿನ್ನೆ ಟಾಕೀಸಿನ ಬಾಗಿಲಲ್ಲಿ ನನ್ನನ್ನು ತಡೆದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ, “ನೀವ್ಯಾರು?” ಎಂದಳು. “ಚೆಕಿಂಗ್” ಎಂದೆ. ಆರೋಗ್ಯ ಇಲಾಖೆಯಿಂದ ಬಂದವನು ಎಂದುಕೊಂಡು ಒಳಗೆ ಬಿಟ್ಟಳು, ಮೂಗುಬಾಯಿಗೆ ಕಟ್ಟಿಕೊಳ್ಳಲು ಬಟ್ಟೆಯನ್ನೂ ಕೊಟ್ಟಳು. ನಾನು ಸುಳ್ಳು ಹೇಳಿಲ್ಲ.

ಕುರ್ಚಿಗಳನ್ನೆಲ್ಲ ಕಿತ್ತಿದ್ದಾರೆ. ನೆಲ ಪರದೆಯ ಕಡೆಗೆ ಇಳಿಜಾರು, ಆದ್ದರಿಂದ ಪ್ರತಿ ಮಂಚದ ಮುಂದಿನ ಎರಡು ಕಾಲಿಗೆ ಇಟ್ಟಿಗೆ. ಪರದೆ ಇನ್ನೂ ಇದೆ. ಮಲಗಿದವರೆಲ್ಲ ಖಾಲಿ ಪರದೆಯನ್ನೇ ನೋಡುತ್ತಿದ್ದಾರೆ. ಡ್ರಿಪ್ ಬಾಟಲಿಗಳ ಮೇಲಿನ ತಾರೀಖು ಓದಿದೆ, ಸರಿಯಿದೆ. ಸೂಜಿ ಹೊಸದು. ಇಟ್ಟಿಗೆಗಳನ್ನು ಕಾಲಿನಿಂದ ಅಲ್ಲಾಡಿಸಿ ನೋಡಿದೆ, ಗಟ್ಟಿಯಿವೆ. ತಪ್ಪು ಇನ್ನೂ ಸಿಕ್ಕಿಲ್ಲ, ಇದ್ದೇ ಇರುತ್ತದೆ. ಇವತ್ತು ಸಂಜೆ ಮೇಷ್ಟ್ರ ಹೆಂಡತಿ ಒಂದು ಗುಟುಕು ನೀರು ಕುಡಿದರು. ವಾಪಸ್ ಬರಲಿಲ್ಲ, ಒಳಗೇ ಉಳಿಯಿತು.

ಬರುವಾಗ ಬೇಕರಿಯ ಸಾಲಿನ ಮುಂದೆ ನಿಂತು ಗಟ್ಟಿಯಾಗಿ ಹೇಳಿದೆ: “ಮೊನ್ನೆ ನಾನು ಹೇಳಿದ್ದು ತಪ್ಪು. ಮೇಷ್ಟ್ರು ಕಳ್ಳರಲ್ಲ. ಪೊಟ್ಟಣ ಹೋಗಿದ್ದು ಅವರ ಮನೆ ರೋಗಿಗೇ.” ಕೆಲವರು ತಲೆಯಾಡಿಸಿದರು. ಒಬ್ಬಳು ಪಕ್ಕದವಳಿಗೆ, “ಕೇಳಿ ತಗೋಬಹುದಿತ್ತಪ್ಪ” ಎಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಏಪ್ರಿಲ್ ೧೯, ಶುಕ್ರವಾರ

ತಪ್ಪು ಸಿಕ್ಕಿತು. ಕುಡಿಯುವ ನೀರಿನ ಡ್ರಮ್ಮಿಗೆ ಮುಚ್ಚಳವಿದೆ, ನಲ್ಲಿ ಇಲ್ಲ. ಎಲ್ಲರೂ ಲೋಟ ಅದ್ದುತ್ತಾರೆ, ಲೋಟದ ಜೊತೆ ಕೈಯೂ ಮುಳುಗುತ್ತದೆ. ಡಾಕ್ಟರಮ್ಮನ ಹಿಂದೆ ಬಿದ್ದೆ. “ಅಜ್ಜಾ, ನೀವು ಇಲಾಖೆಯವರಲ್ಲ ಅಂತ ನನಗೆ ಎರಡನೇ ದಿನವೇ ಗೊತ್ತಾಯ್ತು” ಎಂದಳು. ಆದರೂ ಇವತ್ತು ನಲ್ಲಿ ಬಂತು.

ಈಗ ಗಲ್ಲಿಯಲ್ಲಿ ಹೊಸ ತಲೆನೋವು. ಯಾರಿಗೆ ಹುಷಾರಿಲ್ಲದಿದ್ದರೂ, “ಚೆಕಿಂಗ್ ಸಾಹೇಬ್ರು ಜೊತೆಗೆ ಬಂದ್ರೆ ಮಾತ್ರ ಟಾಕೀಸಿಗೆ” ಎನ್ನುತ್ತಾರೆ. ಬೇಕರಿಯ ವ್ಯಾನಿನಲ್ಲಿ ದಿನಾ ಒಂದೆರಡು ಸಲ ಹೋಗಬೇಕು. ದಾರಿಯುದ್ದಕ್ಕೂ ಕೈ ಹಿಡಿದುಕೊಂಡೇ ಇರುತ್ತಾರೆ. ಹೀಗೆ ಕೈ ಹಿಡಿದರೆ ನಾನು ತಪಾಸಣೆ ಮಾಡುವುದು ಹೇಗೆ?

ಗಲ್ಲಿಯ ಕೊಡೆ ರಿಪೇರಿಯವನು ಇವತ್ತು ಮಧ್ಯಾಹ್ನ ತೀರಿಕೊಂಡ. ಬಹಳ ತಡವಾಗಿ ತಂದಿದ್ದೆವು. ವಾಪಸ್ ಕರೆತರುತ್ತೇನೆ ಎಂದು ಅವನ ಮಗಳಿಗೆ ಹೇಳಿದ್ದೆ. ಸುದ್ದಿ ತಿಳಿಸಲು ಟಾಕೀಸಿನಿಂದ ಆಳು ಕಳಿಸುತ್ತೇವೆ ಎಂದರು. ಬೇಡ ಎಂದು ನಾನೇ ಹೋದೆ. ಬೇರೆಯವರು ಸರಿಯಾಗಿ ಹೇಳುತ್ತಾರೋ ಇಲ್ಲವೋ. ಮಗಳು ನನ್ನನ್ನು ಬಯ್ಯಲಿಲ್ಲ. “ಒಬ್ರೇ ಇರಲಿಲ್ವಲ್ಲ?” ಎಂದಳು. ಇರಲಿಲ್ಲ ಎಂದೆ. ಅವಳ ಬಾಗಿಲಲ್ಲಿ ಎಷ್ಟು ಹೊತ್ತು ಕೂತಿದ್ದೆನೋ. ಅಕ್ಕ ಇವತ್ತು ಏನೂ ಅನ್ನಲಿಲ್ಲ.

ಏಪ್ರಿಲ್ ೨೨, ಸೋಮವಾರ

ಮೇಷ್ಟ್ರ ಹೆಂಡತಿ ಮನೆಗೆ ಬಂದರು. ವ್ಯಾನಿನಿಂದ ಇಳಿದು ಬಾಗಿಲ ತನಕ ತಾವೇ ನಡೆದರು. ಸಾಲಿನಲ್ಲಿದ್ದವರೆಲ್ಲ ಕ್ಯಾನು ಕೆಳಗಿಟ್ಟು ನೋಡಿದರು. ಟಾಕೀಸಿನಿಂದ ನಮ್ಮ ಬೀದಿಗೆ ಎದ್ದು ಬಂದವರಲ್ಲಿ ಇವರೇ ಮೊದಲಿಗರು. ಇದರ ಮೇಲೆ ಜನ ಮುಚ್ಚಿಡುವುದು ಕಡಿಮೆಯಾಗುತ್ತದೆ ಎಂಬುದು ಮೇಟ್ರನ್ ಲೆಕ್ಕಾಚಾರ. ನೋಡೋಣ.

ಮೇಷ್ಟ್ರು ನನ್ನತ್ತ ನೋಡಲಿಲ್ಲ. ಒಂದು ಬಯ್ಗುಳವಾದರೂ ಬಂದಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು. ಈ ಮೌನದ ಹಿಂದೆ ಏನಿದೆಯೋ.

ಏಪ್ರಿಲ್ ೨೪, ಬುಧವಾರ

ಹೊಟ್ಟೆ ಸರಿಯಿಲ್ಲ. ಸೆಕೆಗೆ ಇರಬೇಕು. ಅಕ್ಕನಿಗೆ ಹೇಳಿಲ್ಲ. ಅವಳ ಊಟತಿಂಡಿ ಕಿಟಕಿ ಬಳಿಯ ಸ್ಟೂಲಿನ ಮೇಲೆ ಇಟ್ಟು ದೂರ ನಿಂತೆ. ಯಾಕೆಂದು ಕೇಳಿದಳು, ಕೆಲಸವಿದೆ ಎಂದೆ.

ಏಪ್ರಿಲ್ ೨೬, ಶುಕ್ರವಾರ

ಟಾಕೀಸು. ಪರದೆಯ ಹತ್ತಿರದ ಮಂಚ. ಬಲಗೈಗೆ ಡ್ರಿಪ್ ಹಾಕುತ್ತೇವೆ ಎಂದಾಗ, ಬರೆಯುವ ಕೈ, ಎಡಕ್ಕೆ ಹಾಕಿ ಎಂದೆ. ಈ ಪುಸ್ತಕವನ್ನು ಚೀಲದಲ್ಲಿ ಹಾಕಿಕೊಟ್ಟವಳು ಅಕ್ಕ.

ನಿನ್ನೆ ಬೆಳಿಗ್ಗೆ ಬೇಕರಿಗೆ ಹೋಗಲಿಲ್ಲ. ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಮೇಷ್ಟ್ರು.

“ಯಾಕೆ ಬರ್ಲಿಲ್ಲ?”

“ಮನೇಲಿ ಕೆಲಸ ಇತ್ತು. ನಾವು ಚೆನ್ನಾಗೇ ಇದೀವಿ.”

ಅವರು ನನ್ನನ್ನು ನೋಡಿದರು. ನಾನು ಚೌಕಟ್ಟು ಹಿಡಿದು ನಿಂತಿದ್ದೆ. ಬಿಟ್ಟರೆ ಬೀಳುತ್ತಿದ್ದೆ.

“ನಾನೂ ಹೀಗೇ ಬಾಗಿಲು ಹಿಡ್ಕೊಂಡು ನಿಂತಿದ್ದೆ. ಪಕ್ಕಕ್ಕೆ ಸರೀರಿ” ಎಂದು ಒಳಗೆ ಬಂದರು.

ಆಸ್ಪತ್ರೆಗೆ ಬರುವುದಿಲ್ಲ ಎಂದೆ. ಅಕ್ಕ ಒಬ್ಬಳೇ ಆಗುತ್ತಾಳೆ, ಓಡಾಡಲಾಗದು, ಯಾರ ಕೈಗೆ ಬಿಟ್ಟುಹೋಗಲಿ? ಅಕ್ಕ ಕಿಟಕಿಯಿಂದಲೇ, “ನನ್ನ ನೆಪ ಹೇಳ್ಬೇಡ್ವೋ, ಹೆದರುಪುಕ್ಕಲ!” ಎಂದಳು. ಬಯ್ದದ್ದು ಹೌದು, ಆದರೆ ದನಿ ಒಡೆದಿತ್ತು. “ನನ್ನ ಹೆಂಡತಿ ಬಂದು ಅಕ್ಕನ ಜೊತೆ ಇರ್ತಾಳೆ. ನಾನು ನಿಮ್ಮ ಜೊತೆ ಇರ್ತೀನಿ” ಎಂದರು ಮೇಷ್ಟ್ರು. ಅನುಮತಿ ಕೇಳಲಿಲ್ಲ. ವ್ಯಾನಿಗೆ ಸೀಟಿ ಊದಿದರು.

ಬಾಗಿಲಲ್ಲಿ ಅವರನ್ನೂ ತಡೆದರಂತೆ. “ಚೆಕಿಂಗ್ ಸಾಹೇಬ್ರ ಕಡೆಯವನು” ಎಂದರಂತೆ, ಡಾಕ್ಟರಮ್ಮ ಬಿಟ್ಟಳಂತೆ.

ಇವತ್ತು ತಲೆ ಸ್ವಲ್ಪ ತಿಳಿಯಾದ ಮೇಲೆ, “ಮೇಷ್ಟ್ರೇ, ಅವತ್ತು ರಸ್ತೇಲಿ...” ಎಂದು ಶುರುಮಾಡಿದೆ.

“ಕೈ ಅಲ್ಲಾಡಿಸ್ಬೇಡಿ. ಸೂಜಿ ಜಾರುತ್ತೆ.”

“ಅದಲ್ಲ, ನಾನು ಹಾಗೆ...”

“ನೋವಾಯ್ತು ಸಾಹೇಬ್ರೇ. ಇನ್ನೂ ಇದೆ. ಈಗ ಮಲಕ್ಕೊಳ್ಳಿ.” ನನ್ನ ಮಂಚದ ಕೆಳಗೆ ಬಗ್ಗಿ ಇಟ್ಟಿಗೆ ಸರಿಮಾಡಿದರು.

ಆಮೇಲೆ ಅಕ್ಕನ ಮಾತ್ರೆ ಎಲ್ಲಿದೆ, ಗ್ಯಾಸ್ ಯಾವ ಕಡೆ ತಿರುಗಿಸಬೇಕು, ಎಲ್ಲ ಕೇಳಿ, “ಮನೆ ಕೀ ಕೊಡಿ, ಹೆಂಡತಿಗೆ ಕೊಟ್ಟು ಬರ್ತೀನಿ” ಎಂದರು. ದಿಂಬಿನ ಕೆಳಗಿನಿಂದ ತೆಗೆದು ಕೊಟ್ಟೆ. ಅವರು ಹೋಗಿ ಸುಮಾರು ಹೊತ್ತಾದ ಮೇಲೆ, ದುಡ್ಡಿಟ್ಟ ಬೀರುವಿನ ಕೀಯೂ ಅದೇ ಗೊಂಚಲಿನಲ್ಲಿದೆ ಎಂದು ನೆನಪಾಯಿತು. ಬೇಕರಿಯವನು ಇನ್ನೂ ಹೊರಗೇ ಇದ್ದ, ಕೂಗಿದ್ದರೆ ಹೇಳಿ ಕಳಿಸಬಹುದಿತ್ತು. ಕೂಗೋಣವೆಂದುಕೊಳ್ಳುತ್ತಲೇ ನಿದ್ದೆ ಬಂದುಬಿಟ್ಟಿತು.